ರೋಗಿ ನಿಯಂತ್ರಿತ ನೋವು ನಿವಾರಕ ಪಂಪು

ನೋವಿನ ಔಷಧವನ್ನು ರೋಗಿಯೇ ಗುಂಡಿ ಒತ್ತಿ, ವೈದ್ಯರು ಗೊತ್ತುಮಾಡಿದ ಮಿತಿಯೊಳಗೆ, ಸ್ವಲ್ಪ ಸ್ವಲ್ಪವಾಗಿ ತನ್ನ ರಕ್ತನಾಳಕ್ಕೆ ಹರಿಸಿಕೊಳ್ಳುವ ಯಂತ್ರ. ಆಸ್ಪತ್ರೆಗಳಲ್ಲಿ ಪಿಸಿಎ ಪಂಪು ಎಂದೇ ರೂಢಿ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ಮೂರು ದಿನ, ತೀವ್ರ ಸುಟ್ಟಗಾಯ, ಮೂಳೆ ಮುರಿತ, ಕೆಲವೊಮ್ಮೆ ಕ್ಯಾನ್ಸರ್ ನೋವಿಗೆ ಇದನ್ನು ಬಳಸುತ್ತಾರೆ. ಸಾಮಾನ್ಯವಾಗಿ ಇದರೊಳಗಿರುವುದು ಮಾರ್ಫಿನ್ ಅಥವಾ ಫೆಂಟಾನಿಲ್.

1960ರ ದಶಕದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಫಿಲಿಪ್ ಸೆಕ್ಜರ್ ಈ ದಿಕ್ಕಿನಲ್ಲಿ ಪ್ರಯೋಗ ಆರಂಭಿಸಿದರು. ಮಾರುಕಟ್ಟೆಗೆ ಬಂದ ಮೊದಲ ಯಂತ್ರ ‘ಕಾರ್ಡಿಫ್ ಪ್ಯಾಲಿಯೇಟರ್’. ವೇಲ್ಸ್‌ನಲ್ಲಿ ರೂಪುಗೊಂಡು 1976ರಲ್ಲಿ ಬಂದದ್ದು. ಅದಕ್ಕೂ ಮುಂಚೆ ಎಲ್ಲ ಕಡೆ ಇದ್ದದ್ದು, ಇಂದಿಗೂ ನಮ್ಮ ಬಹುಪಾಲು ವಾರ್ಡುಗಳಲ್ಲಿ ಇರುವುದು, ಇಂಜೆಕ್ಷನ್ ಪದ್ಧತಿ. ನೋವು ಏರುತ್ತದೆ, ರೋಗಿ ಹಲ್ಲು ಕಚ್ಚಿ ತಡೆಯುತ್ತಾನೆ, ಕೊನೆಗೆ ಸಿಸ್ಟರನ್ನು ಕರೆಸುತ್ತಾನೆ. ಅವರು ಬೀಗ ತೆಗೆದು, ಪುಸ್ತಕದಲ್ಲಿ ಬರೆದು, ಔಷಧ ತಂದು ಚುಚ್ಚುತ್ತಾರೆ. ಸ್ನಾಯುವಿಗೆ ಕೊಟ್ಟದ್ದು ಹಿಡಿಯಲು ಮತ್ತೆ ಅರ್ಧ ಗಂಟೆಯಾದೀತು. ಆಮೇಲೆ ಒಮ್ಮೆಲೇ ಮಂಪರು, ಮೂರ್ನಾಲ್ಕು ತಾಸಿನಲ್ಲಿ ಮತ್ತೆ ನೋವು. ದಿನವಿಡೀ ರೋಗಿ ಅತಿ ಮಂಪರು, ಅತಿ ನೋವುಗಳ ನಡುವೆ ಓಲಾಡುತ್ತಿರುತ್ತಾನೆ.

ಪಂಪು ಬಗೆಹರಿಸುವುದು ಈ ಓಲಾಟವನ್ನು. ನೋವು ತಗ್ಗಲು ರಕ್ತದಲ್ಲಿ ಇರಬೇಕಾದ ಔಷಧದ ಕನಿಷ್ಠ ಮಟ್ಟ ಒಬ್ಬರಿಂದ ಒಬ್ಬರಿಗೆ ಹಲವು ಪಟ್ಟು ಬದಲಾಗುತ್ತದೆ. ತೂಕ, ವಯಸ್ಸು ನೋಡಿ ಹೊರಗಿನವರು ನಿಖರವಾಗಿ ಊಹಿಸುವುದು ಆಗದ ಮಾತು. ಆದರೆ ಒಬ್ಬನೇ ವ್ಯಕ್ತಿಯಲ್ಲಿ ಆ ಮಟ್ಟ ಹೆಚ್ಚುಕಡಿಮೆ ಸ್ಥಿರ. ಗುಂಡಿ ಒತ್ತುವ ಕೈ ಆ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ.

ಯಂತ್ರದ ರಚನೆ ಸರಳ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಔಷಧ ತುಂಬಿದ ಸಿರಿಂಜು. ಗುಂಡಿ ಒತ್ತಿದಾಗ ಪುಟ್ಟ ಮೋಟಾರು ಅದರ ದಂಡವನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತದೆ. ವಯಸ್ಕರಿಗೆ ಮಾರ್ಫಿನ್ ಆದರೆ ವಾಡಿಕೆಯಲ್ಲಿ ಒಂದು ಒತ್ತಿಗೆ 1 ಮಿಲಿಗ್ರಾಂ. ಬಳಿಕ 5ರಿಂದ 10 ನಿಮಿಷ ಯಂತ್ರ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ಅವಧಿಯಲ್ಲಿ ಎಷ್ಟು ಸಲ ಒತ್ತಿದರೂ ಹನಿಯೂ ಹೊರಡದು. ಕೊಟ್ಟ ಔಷಧ ಮಿದುಳಿಗೆ ತಲುಪಿ ಕೆಲಸ ಶುರುಮಾಡುವ ಮುನ್ನವೇ ಇನ್ನೊಂದು ಹೋಗದಿರಲಿ ಎಂಬುದಕ್ಕೆ ಈ ತಡೆ. ಒಂದು ಅಥವಾ ನಾಲ್ಕು ತಾಸಿನ ಒಟ್ಟು ಮಿತಿಯನ್ನೂ ಇದರ ಮೇಲೆ ಹಾಕಬಹುದು. ಡ್ರಿಪ್ ಕೊಳವೆಯಲ್ಲಿ ಔಷಧ ಹಿಮ್ಮುಖವಾಗಿ ಏರದಂತೆ ಕವಾಟವಿರಬೇಕು. ಇಲ್ಲದಿದ್ದರೆ ಸೂಜಿ ಕಟ್ಟಿಕೊಂಡಾಗ ಮಾರ್ಫಿನ್ ಡ್ರಿಪ್ಪಿನ ಕಡೆಗೆ ಹತ್ತಿ ಕೂತು, ದಾರಿ ಬಿಟ್ಟಾಗ ಒಟ್ಟಿಗೇ ಒಳನುಗ್ಗುತ್ತದೆ.

ಪಂಪು ನೋವನ್ನು ಮಟ್ಟದಲ್ಲಿ ಇಡುತ್ತದೆಯೇ ಹೊರತು, ಉತ್ತುಂಗದಲ್ಲಿರುವ ನೋವನ್ನು ಇಳಿಸಲಾರದು. ಆಪರೇಷನ್ ಕೋಣೆಯಿಂದ ಹೊರಬಂದು ಒದ್ದಾಡುತ್ತಿರುವವನ ಕೈಗೆ ಗುಂಡಿ ಕೊಟ್ಟು ಹೋದರೆ ಒಂದೊಂದೇ ಮಿಲಿಗ್ರಾಂ ಯಾತಕ್ಕೂ ಸಾಲದು. ಮೊದಲು ಅರಿವಳಿಕೆ ವೈದ್ಯರೇ ಹತ್ತಿರ ನಿಂತು ನೋವು ಹತೋಟಿಗೆ ಬರುವಷ್ಟು ಔಷಧ ಕೊಡಬೇಕು, ನಂತರ ಗುಂಡಿ.

ಯಂತ್ರ ಎರಡು ಲೆಕ್ಕ ಇಡುತ್ತದೆ: ರೋಗಿ ಎಷ್ಟು ಸಲ ಒತ್ತಿದ, ಎಷ್ಟು ಸಲ ಔಷಧ ಹೋಯಿತು. 40 ಸಲ ಒತ್ತಿ 8 ಸಲವಷ್ಟೇ ಸಿಕ್ಕಿದ್ದರೆ, ಪ್ರಮಾಣ ಸಾಲದು, ಇಲ್ಲವೇ ರೋಗಿಗೆ ವಿಷಯ ತಿಳಿದಿಲ್ಲ, ಇಲ್ಲವೇ ಹೊಟ್ಟೆಯೊಳಗೆ ಹೊಸದೇನೋ ಕೆಟ್ಟಿದೆ. ಬೆಳಗಿನ ಸುತ್ತಿನಲ್ಲಿ ವೈದ್ಯರು ಮೊದಲು ನೋಡಬೇಕಾದದ್ದು ಈ ಅಂಕಿಯನ್ನು.

ಸುರಕ್ಷತೆಯೆಲ್ಲ ನಿಂತಿರುವುದು ಒಂದೇ ಸಂಗತಿಯ ಮೇಲೆ: ಮಂಪರು ಹೆಚ್ಚಾದ ರೋಗಿ ಗುಂಡಿ ಒತ್ತಲಾರ. ಔಷಧ ತಾನಾಗಿ ನಿಲ್ಲುತ್ತದೆ. ಈ ಸರಪಳಿಯನ್ನು ಮುರಿಯುವವರು ಹೆಚ್ಚಾಗಿ ಪ್ರೀತಿಯಿಂದಲೇ ಮುರಿಯುತ್ತಾರೆ. ನಮ್ಮಲ್ಲಿ ರೋಗಿಯ ಪಕ್ಕ ಮಗಳೋ ಸೊಸೆಯೋ ಇದ್ದೇ ಇರುತ್ತಾರೆ. ‘ಅಮ್ಮ ನಿದ್ದೇಲೂ ನರಳ್ತಾ ಇದಾಳೆ, ಒಂದ್ಸಲ ಒತ್ತಿಬಿಡ್ಲಾ?’ ಎನಿಸುವುದು ಸಹಜ. ಒತ್ತಬಾರದು. ನಿದ್ದೆಯಲ್ಲಿರುವವರಿಗಾಗಿ ಬೇರೆಯವರು ಒತ್ತಿದ್ದರಿಂದ ಉಸಿರು ನಿಂತು ಸಾವುಗಳಾಗಿವೆ. ಮಾರ್ಫಿನ್ ಅಭ್ಯಾಸವಿಲ್ಲದ ವಯಸ್ಕರಿಗೆ, ಒತ್ತದಿದ್ದರೂ ಸದಾ ಹರಿಯುವಂತೆ ಪಂಪನ್ನು ಹೊಂದಿಸುವುದನ್ನು ಸಾಮಾನ್ಯವಾಗಿ ತಪ್ಪಿಸುವುದೂ ಇದೇ ಕಾರಣಕ್ಕೆ. ಇನ್ನೊಂದು ಅಪಾಯ ಅಂಕಿ ತಪ್ಪುವುದು. ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ದ್ರಾವಣವನ್ನು 1 ಮಿಲಿಗ್ರಾಂ ಎಂದು ನಮೂದಿಸಿದರೆ ಪ್ರತಿ ಒತ್ತಿಗೂ ಐದು ಪಟ್ಟು ಹೋಗುತ್ತದೆ. ಆದ್ದರಿಂದ ಇಬ್ಬರು ಓದಿ ತಾಳೆ ನೋಡುವ ಪದ್ಧತಿ. ಮಾರ್ಫಿನ್ ಹೆಚ್ಚಾದರೆ ಮೊದಲು ಕಾಣುವುದು ತೂಕಡಿಕೆ, ಉಸಿರಿನ ಎಣಿಕೆ ಇಳಿಯುವುದು ಅನಂತರ. ಮೂತ್ರಪಿಂಡ ಸೋತವರಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಲ್ಲಿ, ವೃದ್ಧರಲ್ಲಿ ಹೆಚ್ಚಿನ ನಿಗಾ ಬೇಕು. ಮಾರ್ಫಿನ್ನಿನ ಪರಿಣಾಮ ತಿರುಗಿಸುವ ನಾಲಾಕ್ಸೋನ್ ಹಾಸಿಗೆಯ ಹತ್ತಿರವೇ ಸಿಗುವಂತಿರಬೇಕು.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಡೆ ಈ ಯಂತ್ರದ ಮಾತು ಎಲ್ಲಿ ಬರುತ್ತದೆ? ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದು ಸೊಂಟವೋ ಬೆನ್ನುಮೂಳೆಯೋ ಮುರಿದುಕೊಂಡ ಕೊನೆಗಾರನನ್ನು ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ತೀರ್ಥಹಳ್ಳಿ ಕಡೆಯವರಾದರೆ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೂ ಒಯ್ಯುತ್ತಾರೆ. ಆ ದಾರಿಯುದ್ದಕ್ಕೂ ಬೇಕಾದದ್ದು ಇಂಜೆಕ್ಷನ್. ಪಂಪಿನ ಪ್ರಶ್ನೆ ಆಪರೇಷನ್ ಆದ ಮೇಲಿನದು. ತಲೆಗೂ ಪೆಟ್ಟಾಗಿ ಎಚ್ಚರ ತಪ್ಪುತ್ತಿದ್ದರೆ ಪಂಪು ಸಲ್ಲದು. ಬಳಸುವವನಿಗೆ ತಿಳಿವು ನೆಟ್ಟಗಿರಬೇಕು, ಆಪರೇಷನ್ನಿನ ಹಿಂದಿನ ದಿನವೇ ಬಿಡಿಸಿ ಹೇಳಿರಬೇಕು. ‘ನೋವು ಶುರುವಾಗುತ್ತಿದ್ದಂತೆ ಒತ್ತಿ, ಕೆಮ್ಮುವ ಮೊದಲು, ಏಳುವ ಮೊದಲು ಒತ್ತಿ’ ಎಂಬ ಎರಡು ಮಾತು ಸಾಕು. ‘ಇಷ್ಟಕ್ಕೆಲ್ಲ ಯಾರಿಗೆ ತೊಂದ್ರೆ ಕೊಡೋದು’ ಎಂದು ಸಹಿಸಿಕೊಂಡೇ ಬಂದ ಹಿರಿಯರಿಗೆ ಆ ಮಾತನ್ನು ಇನ್ನೊಮ್ಮೆ ಹೇಳಬೇಕಾಗುತ್ತದೆ. ನೋವಿಗೆ ಹೆದರಿ ಕೆಮ್ಮದೆ ಮಲಗಿದವನ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆದೀತು. ಎರಡು ಮೂರು ದಿನದ ಬಳಕೆಯಿಂದ ಚಟ ಹಿಡಿಯುವುದು ವಿರಳ.

1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಲಾದ, ವಂಶಪಾರಂಪರ್ಯವಾಗಿ ಬರುವ ಹಂದಿಗೋಡು ಕಾಯಿಲೆಯಲ್ಲಿ ಸೊಂಟದ ಕೀಲುಗಳು ಸವೆದು ಜನ ವರ್ಷಗಟ್ಟಲೆ ನೋವು ಉಣ್ಣುತ್ತಾರೆ. ಅಂಥ ದೀರ್ಘಕಾಲದ ನೋವಿಗೆ ಈ ಪಂಪು ಮದ್ದಲ್ಲ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾದರೆ ಆ ಮೊದಲ ದಿನಗಳಿಗಷ್ಟೇ ಉಪಯೋಗ. ಕ್ಯಾನ್ಸರ್‌ನ ಕೊನೆಯ ಹಂತದಲ್ಲಿ ಮನೆಯಲ್ಲೇ ಇರುವವರ ಮಾತೂ ಬೇರೆ. ನುಂಗಲು ಬರುವವರೆಗೆ ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಮಾತ್ರೆಯೇ ಮೊದಲ ಆಯ್ಕೆ. ಅದು ಅಗ್ಗ, ಅದಕ್ಕೆ ಕರೆಂಟು ಬೇಡ. ಮಲೆನಾಡಿಗೆ ಪಂಪಿಗಿಂತ ಮುಂಚೆ ಬರಬೇಕಾದದ್ದು ಈ ಮಾತ್ರೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳು ದಶಕಗಳ ಕಾಲ ಹಿಂಜರಿದವು. 2014ರ ತಿದ್ದುಪಡಿಯ ನಂತರ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್, ಫೆಂಟಾನಿಲ್ ಮೊದಲಾದವನ್ನು ಇಡಬಹುದು, ಲೆಕ್ಕ ಸರಿಯಾಗಿದ್ದರಾಯಿತು.

ಮಳೆಗಾಲದಲ್ಲಿ ಪದೇ ಪದೇ ಕರೆಂಟು ಹೋಗುವ ಕಡೆ ವಿದ್ಯುತ್ ಪಂಪಿಗೆ ಬ್ಯಾಟರಿ ಆಧಾರ. ವಿದ್ಯುತ್ತೇ ಬೇಡದ ಬಗೆಯೂ ಇದೆ: ಹಿಗ್ಗಿದ ರಬ್ಬರ್ ಚೀಲ ಕುಗ್ಗುತ್ತ ಔಷಧವನ್ನು ಸಣ್ಣ ಕೋಶಕ್ಕೆ ತುಂಬುತ್ತದೆ, ಗುಂಡಿ ಒತ್ತಿದರೆ ಕೋಶ ಖಾಲಿ, ಮತ್ತೆ ತುಂಬಲು ಹಿಡಿಯುವ ನಿಮಿಷಗಳೇ ತಡೆಯ ಅವಧಿ. ಆದರೆ ಇದರಲ್ಲಿ ಒತ್ತಿದ ಲೆಕ್ಕ ದಾಖಲಾಗದು.

ರೋಗಿ ಗಂಜಿ ಕುಡಿದು ಮಾತ್ರೆ ನುಂಗುವಂತಾದಾಗ ಪಂಪು ತೆಗೆಯುತ್ತಾರೆ. ಸಿರಿಂಜಿನಲ್ಲಿ ಉಳಿದ ಔಷಧವನ್ನು ಇಬ್ಬರ ಎದುರು ಅಳೆದು ಚೆಲ್ಲಿ, ದಾಖಲೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಕ್ರಮ.