ಲಿನಕ್ಸ್ ಹಾಕಿಸಿಕೊಂಡವರು ಮೊದಲು ಮಾಡಬೇಕಾದ ಕೆಲಸ



ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿಸಿಕೊಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಸರ್, ಇದರಲ್ಲಿ ಮೊದಲು ಯಾವ ತಂತ್ರಾಂಶ ಹಾಕಿಕೊಳ್ಳಬೇಕು?" ಅಂತರ್ಜಾಲಕ್ಕೆ ಒಂದು, ಸಿನಿಮಾ ನೋಡಲು ಒಂದು ಎಂದು ಪಟ್ಟಿ ಕೊಡುವವರು ಬಹಳ ಜನರಿದ್ದಾರೆ. ನನ್ನ ಉತ್ತರ ಬೇರೆ. ಮೊದಲು ಕನ್ನಡದ ಕೀಲಿಮಣೆಯನ್ನು ಸಿದ್ಧಪಡಿಸಿಕೊಳ್ಳಿರಿ, ಉಳಿದುದೆಲ್ಲ ಅನಂತರ. ಹೀಗೆನ್ನಲು ಕಾರಣ ಇತಿಹಾಸದಲ್ಲಿದೆ.

1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅದರ ತತ್ತ್ವ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯೂ ಪ್ರಕಟವಾಯಿತು. ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ.

ಆದರೆ ಮನೆಮನೆಯ ಗಣಕಗಳು ಯೂನಿಕೋಡ್ ಕನ್ನಡವನ್ನು ತೋರಿಸಲು ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. ಆ ಕೊರತೆಯನ್ನು ತುಂಬಿದವು 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಮತ್ತು ಅನಂತರದ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವುಗಳ ಉಪಕಾರ ದೊಡ್ಡದು. ಆದರೆ ಅಂದಿನ ಕ್ರಮವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸುವುದಾಗಿತ್ತು. ಆ ಫಾಂಟ್ ಇರುವವರೆಗೆ ಕನ್ನಡ. ಫಾಂಟ್ ಇಲ್ಲವಾದರೆ ಅರ್ಥವಾಗದ ಚಿಹ್ನೆಗಳ ಸಾಲು. ಸಂಘಗಳ ನಡಾವಳಿ, ಮನೆತನದ ವಂಶಾವಳಿ, ಹಿರಿಯರ ಆತ್ಮವೃತ್ತಾಂತ ಹೀಗೆ ಕಡತಗಳಲ್ಲಿಯೇ ಮೂಕವಾಗಿ ಕುಳಿತಿರುವುದುಂಟು. ತಾಳೆಗರಿಯನ್ನು ಗೆದ್ದಲು ತಿಂದರೆ ಕಣ್ಣಿಗೆ ಕಾಣುತ್ತದೆ. ಈ ನಷ್ಟ ಕಾಣುವುದಿಲ್ಲ.

ಕೀಲಿಮಣೆಯ ಕಥೆ ಇದಕ್ಕಿಂತ ಸಮಾಧಾನಕರವಾದುದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ 'ನುಡಿ' ಬಳಸಿತು. ಅದೇ ಇಂದು ಲಿನಕ್ಸ್‌ನಲ್ಲಿ 'ಕಗಪ' ಎಂಬ ಹೆಸರಿನಿಂದಿದೆ. ಕಚೇರಿಯಲ್ಲಿ ನುಡಿಯಲ್ಲಿ ಟೈಪು ಮಾಡಿದವರು ಹೊಸದಾಗಿ ಕಲಿಯಬೇಕಾದುದಿಲ್ಲ. ವ್ಯಂಜನದಲ್ಲಿ 'ಅ'ಕಾರ ತಾನಾಗಿ ಸೇರಿರುವುದರಿಂದ ನಮ್ಮೂರಿನ ಹೆಸರು ಬರೆಯಲು ಆರು ಕೀಲಿಗಳು ಸಾಕು: ವೈ, ಎಲ್, ವಿ, ಐ, ಜಿ, ಐ. ಇಷ್ಟಕ್ಕೆ 'ಯಲವಿಗಿ' ಮೂಡುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಬೇಕು. 'ಹಾನಗಲ್ಲ'ದ ಕೊನೆಗೆ ಎಲ್, ಎಫ್, ಎಲ್.

ಮುಕ್ತ ತಂತ್ರಾಂಶ ಶಾಲೆಯ ಮಕ್ಕಳಿಗೆ ಕಠಿಣವೆಂಬ ಮಾತಿಗೆ ಕಾಸರಗೋಡು ಉತ್ತರ. 1956ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ ಮುಂದೆ ಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿಯ ಕನ್ನಡದ ಮಕ್ಕಳು ಗಣಕವನ್ನು ಲಿನಕ್ಸ್‌ನಲ್ಲಿಯೇ, ಕನ್ನಡ ಪಠ್ಯಪುಸ್ತಕ ಹಿಡಿದುಕೊಂಡೇ ಕಲಿಯುತ್ತಾರೆ.

ಆದ್ದರಿಂದ ಹೊಸಬರಿಗೆ ನನ್ನ ಕ್ರಮ ಹೀಗಿದೆ:

1. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ 'ಕಗಪ'ವನ್ನು ಸೇರಿಸಿರಿ.

2. ಲೋಹಿತ್, ಗುಬ್ಬಿ, ನವಿಲು ಇವು ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟುಗಳು. ಒಂದನ್ನಾದರೂ ಹಾಕಿಕೊಳ್ಳಿರಿ.

3. ಬರೆಯಲು ಲಿಬ್ರೆ ಆಫೀಸ್. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಇದು ಕಡತಗಳನ್ನು ಉಳಿಸುವ ಓಪನ್ ಡಾಕ್ಯುಮೆಂಟ್ ಮಾದರಿ 2006ರಿಂದ ಅಂತರರಾಷ್ಟ್ರೀಯ ಮಾನಕ. ಒಂದು ಕಂಪನಿ ಮುಚ್ಚಿದರೂ ಕಡತ ಮುಚ್ಚುವುದಿಲ್ಲ.

4. ಅಂತರ್ಜಾಲಕ್ಕೆ ಫೈರ್‌ಫಾಕ್ಸ್, ಹಾಡು, ಚಿತ್ರಗಳಿಗೆ ವಿಎಲ್‌ಸಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಜಿಕಾಂಪ್ರಿ ಮತ್ತು ಟಕ್ಸ್ ಪೇಂಟ್.

ಇಷ್ಟಾದ ಮೇಲೆ ಒಂದು ಕೆಲಸ ಬಾಕಿ ಇದೆ. ನಿಮ್ಮ ಮನೆಯ ಹಳೆಯ ಸಿಡಿಗಳಲ್ಲಿ ನುಡಿ, ಬರಹದ ಕಡತಗಳಿದ್ದರೆ ಹುಡುಕಿ ತೆಗೆಯಿರಿ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಮೂಲದೊಡನೆ ಒಮ್ಮೆ ತಾಳೆ ನೋಡಿರಿ, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದುಂಟು. ಬರೆದವರು ಇನ್ನೂ ನಮ್ಮೊಡನಿದ್ದರೆ ಅವರನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ತಿದ್ದಿರಿ. ಸಿಡಿಗೂ ಆಯುಷ್ಯವಿದೆ, ಬರೆದವರಿಗೂ ಇದೆ; ತಡಮಾಡಬೇಡಿರಿ.