ಜಗಳ ಮುಗಿಸುವ ಎಲೆ

ಚಹಾ ಎಂದರೆ ನಮಗೆ ಕುಡಿಯುವ ಪದಾರ್ಥ. ಕುದಿಸುತ್ತೇವೆ, ಸೋಸುತ್ತೇವೆ, ಉಳಿದ ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತೇವೆ. ಅದೇ ಎಲೆಯನ್ನು ಉಪ್ಪಿನಕಾಯಿಯಂತೆ ಹುಳಿ ಬರಿಸಿ, ಕೋಸಂಬರಿಯಂತೆ ಕಲಸಿ ತಿನ್ನುವವರೂ ಇದ್ದಾರೆಂದರೆ ನಮ್ಮ ಹೆಂಗಳೆಯರು ನಕ್ಕಾರು. ಬರ್ಮಾದ ಮನೆಗಳಲ್ಲಿ ಮಾತ್ರ ಇದಿಲ್ಲದೆ ಮದುವೆಯೂ ಇಲ್ಲ, ಅತಿಥಿ ಸತ್ಕಾರವೂ ಇಲ್ಲ. ಹುಳಿಸಿದ ಎಲೆಗೆ ಅವರು ಲಫೆಟ್ ಎನ್ನುತ್ತಾರೆ. ಅದನ್ನು ಕಲಸಿದರೆ ಲಫೆಟ್ ತೌಕ್.

ನಾನು ಅದರ ರುಚಿ ನೋಡಿದ್ದು ಬರ್ಮಾದಿಂದ ಬಹು ದೂರದಲ್ಲಿ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅವಳು ಸ್ಯಾನ್‌ಫ್ರಾನ್ಸಿಸ್ಕೊದ ಕ್ಲೆಮೆಂಟ್ ಬೀದಿಯ ‘ಬರ್ಮಾ ಸೂಪರ್‌ಸ್ಟಾರ್’ ಎಂಬ ಹೋಟೆಲಿಗೆ ಕರೆದೊಯ್ದಳು. 1992ರಲ್ಲಿ ಶುರುವಾದ ಹೋಟೆಲು ಅದು. ಬಾಗಿಲಲ್ಲಿ ಹೆಸರು ಬರೆಸಿ ಬೀದಿಯಲ್ಲೇ ಕಾದೆವು. ಆಮೇಲೆ ಬಂದ ತಟ್ಟೆಯನ್ನು ನೋಡಿದರೆ ಹಬ್ಬದ ಎಲೆಯ ನೆನಪಾಗಬೇಕು! ನಡುವೆ ಕಡುಹಸಿರು ಚಹಾ ಎಲೆ. ಸುತ್ತ ಹುರಿದ ಬೆಳ್ಳುಳ್ಳಿ, ಕಡಲೆಕಾಯಿ ಬೀಜ, ಎಳ್ಳು, ಕರಿದ ಬೇಳೆ, ಟೊಮೆಟೊ, ಹಸಿಮೆಣಸು, ಎಲ್ಲವೂ ಬೇರೆ ಬೇರೆ ಗುಪ್ಪೆ. ಬಡಿಸುವ ಹುಡುಗ ಒಂದೊಂದರ ಹೆಸರು ಹೇಳಿ, ನಿಂಬೆರಸ ಹಿಂಡಿ, ನಮ್ಮ ಕಣ್ಣೆದುರೇ ಕಲಸಿದ. ಒಣ ಸೀಗಡಿ ಬೇಡವೆಂದಿದ್ದೆವು, ಬಿಟ್ಟಿದ್ದ. ಮೊದಲ ತುತ್ತಿಗೆ ಒಗರು, ಹಿಂದೆಯೇ ಹುಳಿ, ಕೊನೆಗೆ ಕುರುಕುರು. ಅಲ್ಲಿಯವರ ರೂಢಿಯಂತೆ ಲೆಟಿಸ್ ಸೊಪ್ಪೂ ಬೆರೆತಿತ್ತು.

ಈ ಎಲೆ ಬರುವುದು ಬರ್ಮಾದ ಉತ್ತರದ ಶಾನ್ ಬೆಟ್ಟಗಳಿಂದ. ಅಲ್ಲಿನ ಪಲಾಂಗ್ ಜನ, ತಮ್ಮನ್ನು ತಾವು ತಆಂಗ್ ಎಂದು ಕರೆದುಕೊಳ್ಳುವವರು, ತಲೆತಲಾಂತರದಿಂದ ಚಹಾ ಬೆಳೆಯುತ್ತಾರೆ. ಎಳೆಯ ಚಿಗುರನ್ನು ಆವಿಯಲ್ಲಿ ಬೇಯಿಸಿ, ಒತ್ತಿ ತುಂಬಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ನಾವು ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು ಕಾಯುವುದಿಲ್ಲವೇ, ಹಾಗೆ. ಮನೆಗೆ ಬಂದವರ ಮುಂದೆ ಅದನ್ನು ಇಡುವುದು ಮೆರುಗು ಬಳಿದ ಒಂದು ಡಬ್ಬದಲ್ಲಿ. ನಮ್ಮ ಒಗ್ಗರಣೆ ಡಬ್ಬಿಯಂತೆ ಒಳಗೆ ಮನೆಮನೆ. ಒಂದರಲ್ಲಿ ಎಲೆ, ಉಳಿದವುಗಳಲ್ಲಿ ಬೀಜ, ಬೆಳ್ಳುಳ್ಳಿ.

ನಮ್ಮ ವೀಳ್ಯಕ್ಕಿರುವ ಗೌರವ ಅಲ್ಲಿ ಲಫೆಟ್‌ಗೆ. ಹಿಂದೆ ಕಾದಾಡಿದ ರಾಜ್ಯಗಳು ಸಂಧಿಯ ಗುರುತಾಗಿ ಅದನ್ನು ಕೊಟ್ಟುಕೊಳ್ಳುತ್ತಿದ್ದುವಂತೆ. ರಾಜರ ಕಾಲದಲ್ಲೂ ಬ್ರಿಟಿಷರ ಕಾಲದಲ್ಲೂ ವ್ಯಾಜ್ಯದ ತೀರ್ಪಾದ ಮೇಲೆ ಲಫೆಟ್ ತಂದಿಡುತ್ತಿದ್ದರು. ತಿಂದರೆ ತೀರ್ಪು ಒಪ್ಪಿಗೆಯಾಯಿತೆಂದು ಅರ್ಥ. ಕಾಗದ, ಮೊಹರುಗಳಿಗಿಂತ ಬಾಯಿಗಿಟ್ಟ ತುತ್ತಿಗೆ ಹೆಚ್ಚು ಬೆಲೆ!

ಆ ಹೋಟೆಲಿನಲ್ಲಿ ಸಮೋಸ ಹಾಕಿದ ಸೂಪೂ ಇತ್ತು. ಬರ್ಮಾದ ಊಟದಲ್ಲಿ ಸಮೋಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ್ದೇ ಒಂದು ಪ್ರಾಂತ್ಯ. ನಮ್ಮ ಹಳೆಯ ಮನೆಗಳ ಬಾಗಿಲು ತೋರಿಸಿ ಹಿರಿಯರು ‘ಬರ್ಮಾ ತೇಗ’ ಎಂದು ಹೆಮ್ಮೆಪಡುತ್ತಿದ್ದುದು ನೆನಪಿದೆಯಲ್ಲ? ಮರ ಇತ್ತ ಬಂದಂತೆ ಜನ ಅತ್ತ ಹೋದರು. 1931ರ ಜನಗಣತಿಯ ಹೊತ್ತಿಗೆ ರಂಗೂನಿನ ಅರ್ಧಕ್ಕೂ ಹೆಚ್ಚು ಮಂದಿ ಭಾರತೀಯರು. 1942ರಲ್ಲಿ ಜಪಾನೀಯರು ನುಗ್ಗಿದಾಗ ಲಕ್ಷಾಂತರ ಜನ ಕಾಡುಬೆಟ್ಟ ದಾಟಿ ನಡೆದೇ ಬಂದರು. ಎಷ್ಟೋ ಮಂದಿ ದಾರಿಯಲ್ಲೇ ತೀರಿಕೊಂಡರು. 1962ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅಂಗಡಿ ಮುಂಗಟ್ಟುಗಳು ಸರ್ಕಾರದ ಪಾಲಾದವು. ಉಳಿದ ಭಾರತೀಯರಲ್ಲಿ ಬಹಳಷ್ಟು ಜನ ಬರಿಗೈಯಲ್ಲಿ ಹಡಗು ಹತ್ತಿದರು. ಚೀನೀ ಮೂಲದವರೂ, ಬರ್ಮೀಯರೂ ನಾನಾ ದೇಶಗಳಿಗೆ ಚದುರಿದರು. ಅವರ ಬಾಯಿರುಚಿಯೂ ಅವರ ಜೊತೆ ಹೋಯಿತು.

ಎಲೆಗೆ ಮಾತ್ರ ಆ ದಾರಿಯೂ ಸಲೀಸಾಗಿರಲಿಲ್ಲ. ಬರ್ಮಾದ ಸೇನಾಡಳಿತದ ಮೇಲಿನ ಸಿಟ್ಟಿಗೆ 2003ರಲ್ಲಿ ಅಮೆರಿಕ ಆ ದೇಶದ ಸರಕನ್ನೇ ತರಿಸಿಕೊಳ್ಳಬಾರದೆಂದು ಕಾನೂನು ಮಾಡಿತು. 2012ರಲ್ಲಿ ಆ ನಿಷೇಧ ಸಡಿಲವಾಯಿತು. 2021ರ ಫೆಬ್ರವರಿಯಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು. ಕದನ ಬೆಟ್ಟಗಳಿಗೂ ಹಬ್ಬಿ, 2023ರ ಡಿಸೆಂಬರಿನಲ್ಲಿ ಚಹಾಕ್ಕೆ ಹೆಸರಾದ ನಮ್‌ಸಾನ್ ಪಟ್ಟಣವನ್ನು ತಆಂಗರ ಸಶಸ್ತ್ರ ಪಡೆ ವಶಪಡಿಸಿಕೊಂಡಿತು.

ತಿಂದರೆ ಜಗಳ ಮುಗಿಯಿತೆಂದು ಲೆಕ್ಕವಿದ್ದ ಎಲೆ ಅದು. ಅದು ಬೆಳೆಯುವ ನೆಲದಲ್ಲೇ ಗುಂಡು ಹಾರಿತು. ಮಳೆಗಾಲಕ್ಕೆ ಮುಂಚಿನ ಮೊದಲ ಚಿಗುರೇ ಲಫೆಟ್‌ಗೆ ಶ್ರೇಷ್ಠವೆನ್ನುತ್ತಾರೆ. ಆ ಚಿಗುರು ಯಾವ ಸಂಧಾನಕ್ಕೂ ಕಾಯುವುದಿಲ್ಲ. ಬಂದ ವಾರದಲ್ಲೇ ಕೊಯ್ಯಬೇಕು. ಯಾರ ಆಳ್ವಿಕೆಯಾದರೇನು, ಬುಟ್ಟಿ ಹೊತ್ತು ಗುಡ್ಡ ಹತ್ತಬೇಕಾದವರು ಅಲ್ಲಿನ ಹೆಂಗಸರೇ.