ಅಪರೂಪದ ಕಠಾರಿಗಳ ವ್ಯಾಪಾರ: ಮುಂಬೈ–ಠಾಣೆ ಪ್ರದೇಶ

ಸೈನಿಕರು, ಸರದಾರರು, ಅರಸರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಹಳೆಯ ಕಠಾರಿ, ಬಾಕು, ಖಂಜರ್, ಕುಕ್ರಿ ಮತ್ತು ಬಯೋನೆಟ್‌ಗಳನ್ನು ಅವುಗಳ ಮರ್ಮ ತಿಳಿದ ವ್ಯಾಪಾರಿಗಳ ಮೂಲಕ ಕೊಂಡು ಮಾರುವ ವ್ಯವಹಾರ. ಬದಲಾಪುರ, ಅಂಬರನಾಥ, ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬೈಗಳ ಸಂಗ್ರಾಹಕರಿಗೆ ಇದರ ದೊಡ್ಡ ಪೇಟೆ ಮುಂಬೈ. ಭೇಂಡಿ ಬಜಾರದ ಪಕ್ಕದ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಕೊಲಾಬಾದಲ್ಲಿ ರೀಗಲ್ ಚಿತ್ರಮಂದಿರದ ಎದುರಿಗಿರುವ, 1860ರಿಂದ ನಡೆದುಬಂದ ಫಿಲಿಪ್ಸ್ ಆಂಟಿಕ್ಸ್, ಇತ್ತೀಚಿನ ಹರಾಜು ಸಂಸ್ಥೆಗಳಾದ ಸ್ಯಾಫ್ರನ್‌ಆರ್ಟ್, ಪುಂಡೋಲೆ, ಅಸ್ತಗುರು, ಇವು ಮುಂಬೈಯ ಪ್ರಾಚೀನ ವಸ್ತುಗಳ ಮಾರುಕಟ್ಟೆಯ ಮುಖ್ಯ ಹೆಸರುಗಳು. ಕಠಾರಿಗಳನ್ನೇ ನೆಚ್ಚಿಕೊಂಡ ವ್ಯಾಪಾರಿಗಳು ಮಾತ್ರ ಹೆಚ್ಚಾಗಿ ಲಂಡನ್ ಮತ್ತು ಅಮೆರಿಕದಲ್ಲಿದ್ದಾರೆ. ಭಾರತದ ಕಾನೂನು ಇದಕ್ಕೆ ಒಂದು ಕಾರಣ.

ಈ ವ್ಯಾಪಾರದಲ್ಲಿ ಬೆಲೆ ನಿಲ್ಲುವುದು ಅಲಗಿನ ಮೇಲಲ್ಲ, ಅದರ ಜೊತೆಗೆ ಬರುವ ದಾಖಲೆಯ ಮೇಲೆ. ಯಾರ ಸೊಂಟದಲ್ಲಿತ್ತು, ಯಾವ ಶಸ್ತ್ರಾಗಾರದಿಂದ ಬಂತು, ಯಾವ ವರ್ಷ ದೇಶ ಬಿಟ್ಟಿತು ಎಂಬುದು ಸಿದ್ಧವಾದರೆ ಒಂದು ಬೆಲೆ, ಇಲ್ಲವಾದರೆ ಬರೀ ಉಕ್ಕಿನ ಬೆಲೆ. ಮೊಗಲ್ ದೊರೆ ಷಹಜಹಾನನ ಹೆಸರಿರುವ ಕಠಾರಿಯೊಂದು 2008ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 17 ಲಕ್ಷ ಪೌಂಡಿಗೆ ಹೋಯಿತು. ಅದೇ ದೊರೆಯದೆಂದು ಗುರುತಿಸಲಾದ ಇನ್ನೊಂದು ಕಠಾರಿ 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 33.75 ಲಕ್ಷ ಡಾಲರ್ ತಂದಿತು. ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗಕ್ಕೆ 2023ರ ಮೇ ತಿಂಗಳಲ್ಲಿ ಬಾನ್‌ಹ್ಯಾಮ್ಸ್ ಅಂದಾಜಿಸಿದ್ದು 15ರಿಂದ 20 ಲಕ್ಷ ಪೌಂಡ್. ಅದು ಮಾರಾಟವಾದದ್ದು 1 ಕೋಟಿ 40 ಲಕ್ಷ ಪೌಂಡಿಗೂ ಮೇಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದನ್ನು ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟರೆಂಬ ವಿವರ ಸ್ಪಷ್ಟವಾಗಿದ್ದದ್ದು ಆ ಏರಿಕೆಗೆ ದೊಡ್ಡ ಬೆಂಬಲ. ಲೂಟಿಯೇ ಒಡೆತನದ ಪುರಾವೆಯಾಗುವ ಈ ಸ್ಥಿತಿ ಒಪ್ಪುವಂಥದ್ದಲ್ಲ. ಆದರೆ ಪೇಟೆ ನಡೆಯುತ್ತಿರುವುದು ಹಾಗೆಯೇ.

ಪಶ್ಚಿಮ ಭಾರತದ ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣುವುದು ಮರಾಠರ ಬಿಛವಾ ಮತ್ತು ಕಠಾರಿ, ದಖ್ಖನ್ನಿನ ಚಿಲಾನಂ, ಮೊಗಲ್ ಖಂಜರ್ ಹಾಗೂ ಪೇಶ್‌ಕಬ್ಜ್. ಎಮ್ಮೆಕೊಂಬಿನಂತೆ ಎರಡು ಸಲ ಬಾಗಿದ ಅಲಗು ಬಿಛವಾದ ಗುರುತು. ಚಿಲಾನಂ ಹಿಡಿ, ಅಲಗು ಎರಡೂ ಒಂದೇ ಉಕ್ಕಿನಲ್ಲಿ ಬಡಿದಂಥದು. ಇವೆರಡರ ನಡುವೆ ಬಿಜಾಪುರದ ಆದಿಲ್‌ಶಾಹಿ ಅರಮನೆಯ ಕಠಾರಿಗಳು ಬೇರೆಯೇ ನಿಲ್ಲುತ್ತವೆ. ಸಿಂಹ, ಹಕ್ಕಿ, ಹಾವುಗಳು ಒಂದನ್ನೊಂದು ಕಚ್ಚಿಕೊಂಡಿರುವ, ಚಿನ್ನದ ನೀರು ಹಾಯಿಸಿ ಕೆಂಪು ಹರಳು ಕೂರಿಸಿದ ಹಿಡಿ ಅವುಗಳ ವೈಶಿಷ್ಟ್ಯ. 1558ರಿಂದ 1580ರವರೆಗೆ ಆಳಿದ ಅಲಿ ಆದಿಲ್ ಶಾಹನ ಚಿತ್ರದಲ್ಲಿ ಇಂಥದೇ ಕಠಾರಿ ಅವನ ಸೊಂಟದಲ್ಲಿದೆ. ಇಂದು ಅಂಥದೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಸಂಗ್ರಹಾಲಯ ಅದನ್ನು ಪಡೆದದ್ದು 2011ರಲ್ಲಿ. ಕನ್ನಡ ನೆಲದಲ್ಲಿ ಹುಟ್ಟಿದ ಲೋಹಕಲೆಯ ಇಷ್ಟು ಎತ್ತರದ ಮಾದರಿಯನ್ನು ಕಣ್ಣಾರೆ ಕಾಣಲು ಕನ್ನಡಿಗರು ಸಮುದ್ರ ದಾಟಬೇಕಾಗಿರುವುದು ನೋವಿನ ಸಂಗತಿ.

ಶಸ್ತ್ರಾಗಾರದ ಗುರುತು ಏನು ಮಾಡಬಲ್ಲದೆಂಬುದಕ್ಕೆ ಬಿಕಾನೇರಿನ ಆಯುಧಗಳು ಸಾಕ್ಷಿ. ಮೊಗಲರ ಪರ ದಖ್ಖನ್ನಿನಲ್ಲಿ ಕಾದಿದ ಬಿಕಾನೇರಿನ ದೊರೆ ಅನೂಪ ಸಿಂಗನ ಕಾಲದಲ್ಲಿ, 1689ರಲ್ಲಿ ಆದೋನಿ ಕೋಟೆ ವಶವಾದಾಗ ಸಿಕ್ಕ ಆಯುಧಗಳು ರಾಜಸ್ಥಾನಕ್ಕೆ ಹೋದವು. ಅಲ್ಲಿನ ಶಸ್ತ್ರಾಗಾರದವರು ಹಿಡಿಯ ಮೇಲೋ ಅಲಗಿನ ಬೆನ್ನ ಮೇಲೋ ಚುಕ್ಕಿ ಚುಕ್ಕಿಯಾಗಿ ದೇವನಾಗರಿ ಅಕ್ಷರಗಳನ್ನು ಕುಟ್ಟಿ ದಾಖಲಿಸುತ್ತಿದ್ದರು. ಉಳಿಯ ಮೊನೆಯಿಂದ ಬಿದ್ದ ಆ ಚುಕ್ಕಿಗಳ ಒಳಗೆ ಹಳೆಯ ತುಕ್ಕು, ಎಣ್ಣೆಯ ಕಪ್ಪು ಕೂತಿರುತ್ತದೆ. ಹೊಸದಾಗಿ ಕುಟ್ಟಿದ ಚುಕ್ಕಿಯ ಅಂಚು ಬೆಳ್ಳಗೆ ಮಿನುಗುತ್ತದೆ. ಭೂತಗನ್ನಡಿಯ ಕೆಳಗೆ ಇದನ್ನು ನೋಡದೆ ಪಳಗಿದ ವ್ಯಾಪಾರಿ ಬೆಲೆ ಹೇಳುವುದಿಲ್ಲ. ಎಲ್ಲ ಶಸ್ತ್ರಾಗಾರಗಳಿಗೂ ಬಿಕಾನೇರಿನ ಅದೃಷ್ಟ ಇರಲಿಲ್ಲ. ತಂಜಾವೂರು ಅರಮನೆಯ ಆಯುಧಗಳನ್ನು 1860ರ ದಶಕದಲ್ಲಿ ಮದರಾಸು ಸರ್ಕಾರ ವಿಲೇವಾರಿ ಮಾಡಿತು. ಆರಿಸಿದ ಕೆಲವು ವಸ್ತುಸಂಗ್ರಹಾಲಯಗಳಿಗೆ ಸೇರಿದವು, ಉಳಿದದ್ದು ಹಳೆ ಕಬ್ಬಿಣವಾಯಿತು.

ಕರ್ನಾಟಕದಿಂದ ಈ ಪೇಟೆಗೆ ಹೋಗುವ ವಸ್ತುಗಳಲ್ಲಿ ಸುಲಭವಾಗಿ ಗುರುತು ಸಿಗುವುದು ಕೊಡವರ ಪೀಚೆಕತ್ತಿ. ಒಂದೇ ಬಾಯಿಯ ಅಗಲ ಅಲಗು, ಬೆಳ್ಳಿ ಕಟ್ಟಿನ ಒರೆ, ಗಿಳಿಯ ಕೊಕ್ಕಿನಂತೆ ಬಾಗಿದ ಹಿಡಿಯ ತುದಿ, ಒರೆಗೆ ಬೆಳ್ಳಿ ಸರಪಳಿಯಲ್ಲಿ ತೂಗುವ ಚಿಮಟ, ಉಗುರುಕಡ್ಡಿಗಳು. ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಸೊಂಟಪಟ್ಟಿ ಸುತ್ತಿ ಇದನ್ನು ಮುಂದೆ ಸಿಕ್ಕಿಸಿಕೊಳ್ಳುವುದು ರೂಢಿ. ಅಗಲ ಬಾಯಿಯ ಒಡಿಕತ್ತಿ ಬೆನ್ನ ಕಡೆಗೆ ಹೋಗುತ್ತದೆ. ಸರಪಳಿಯೂ ಅದರ ಉಪಕರಣಗಳೂ ಪೂರ್ತಿಯಾಗಿ ಉಳಿದಿರುವುದು ಅಪರೂಪ, ಹಾಗಾಗಿ ಬೆಲೆ ಕಟ್ಟುವಾಗ ಮೊದಲು ನೋಡುವುದು ಅದನ್ನೇ. ತುಳುನಾಡಿನ ದೈವಸ್ಥಾನಗಳ ಸುರಿಯ, ಕಡ್ಸಲೆ ಎಂಬ ಆಯುಧಗಳನ್ನು ಮಾತ್ರ ಈ ಲೆಕ್ಕದಲ್ಲಿ ಸೇರಿಸಬಾರದು. ಅವು ದೈವದ ಸ್ವತ್ತು, ಮನೆತನಕ್ಕೆ ಅವುಗಳ ಮೇಲೆ ಮಾರುವ ಹಕ್ಕಿಲ್ಲ. ಅಂಥವು ಪೇಟೆಯಲ್ಲಿ ಕಂಡರೆ ಕಳವಿನ ಅನುಮಾನ ಬರುವುದು ನ್ಯಾಯವೇ.

ಪರೀಕ್ಷೆ ಹಿಡಿಯಿಂದ ಶುರುವಾಗುತ್ತದೆ. ಭಾರತೀಯ ಕತ್ತಿ ಕಠಾರಿಗಳ ಅಲಗಿನ ಬಾಲವನ್ನು ಹಿಡಿಯೊಳಗೆ ರಾಳ ಸುರಿದು ಕೂರಿಸುತ್ತಿದ್ದರು. ಹಳೆಯ ರಾಳ ಕಪ್ಪಗೆ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ; ಆಧುನಿಕ ಅಂಟು ಗಾಜಿನಂತೆ ಹೊಳೆಯುತ್ತದೆ. ಉಕ್ಕಿನ ಮೇಲೆ ಅಡ್ಡ ಉದ್ದ ಗೀರಿ ಚಿನ್ನದ ಎಳೆ ಕೂರಿಸುವ ಕೊಫ್ತಗಾರಿ ಕೆಲಸ ಕೈ ತಾಗುವ ಉಬ್ಬಿನಲ್ಲಿ ಮಾತ್ರ ಸವೆದಿರಬೇಕು, ತಗ್ಗಿನಲ್ಲಿ ಉಳಿದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಉಜ್ಜಿದ ಗುರುತು. ಉದಯಪುರದಲ್ಲಿ ಇಂದಿಗೂ ಈ ಕೆಲಸ ಬಲ್ಲ ಕುಶಲಕರ್ಮಿಗಳಿದ್ದಾರೆ. ಅವರು ಹೊಸದೆಂದೇ ಹೇಳಿ ಮಾರುವ ವಸ್ತು ನಾಲ್ಕು ಕೈ ದಾಟುವಷ್ಟರಲ್ಲಿ ಮೊಗಲರ ಕಾಲದ್ದಾಗುವುದುಂಟು. ಮೂಸೆಯಲ್ಲಿ ಕರಗಿಸಿ ಮಾಡಿದ ಹಳೆಯ ಉಕ್ಕಿನ ಮೇಲ್ಮೈಯಲ್ಲಿ ಅಲೆಯಂಥ ಚಿತ್ತಾರ ಏಳುತ್ತದೆ; ಅದರಲ್ಲಿ ಒಂದು ಸುಳಿ ಇನ್ನೊಂದನ್ನು ಹೋಲುವುದಿಲ್ಲ. ಪದರ ಪದರವಾಗಿ ಬೆಸೆದ ಈಗಿನ ಉಕ್ಕಿನಲ್ಲಿ ಚಿತ್ತಾರ ಅಚ್ಚು ಹಾಕಿದಂತೆ ಮರುಕಳಿಸುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅಲ್ಲಿ ಇಂಥ ಉಕ್ಕು ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಹಳೆಯ ಕಠಾರಿಯನ್ನು ಹುಣಸೆಹಣ್ಣು, ಮರಳು ಕಾಗದ ಹಾಕಿ ಬೆಳಗುವವರು ಅದರ ಬೆಲೆಯನ್ನೇ ತೊಳೆದುಬಿಡುತ್ತಾರೆ.

ಬಂದೂಕಿನ ತುದಿಗೆ ಸಿಕ್ಕಿಸುವ ಬಯೋನೆಟ್‌ಗಳ ಸಂಗ್ರಹ ಇಂಥ ಕಠಾರಿಗಳಿಗಿಂತ ಅಗ್ಗ, ಕಲಿಯುವವರಿಗೆ ಹೆಚ್ಚು ಒಳ್ಳೆಯದು. 1907ರ ಬ್ರಿಟಿಷ್ ಮಾದರಿಯ ಬಯೋನೆಟ್ಟಿನ ಅಲಗು 17 ಅಂಗುಲ. ಎರಡನೆಯ ಮಹಾಯುದ್ಧದ ವೇಳೆಗೆ ಭಾರತದಲ್ಲಿ ಅದನ್ನು 12 ಅಂಗುಲಕ್ಕೆ ಇಳಿಸಿದರು. ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯ ಆರ್.ಎಫ್.ಐ. ಮುದ್ರೆ, ಕಿರೀಟದ ಕೆಳಗೆ ಬ್ರಿಟಿಷ್ ದೊರೆಯನ್ನು ಸೂಚಿಸುವ ಜಿ.ಆರ್.ಐ. ಅಕ್ಷರ, ತಯಾರಿಕೆಯ ವರ್ಷ ಅಲಗಿನ ಬುಡದಲ್ಲೇ ಇರುವುದರಿಂದ ಊಹೆಗೆ ಜಾಗ ಕಡಿಮೆ. ನಾಜಿ ಜರ್ಮನಿಯ ಕಠಾರಿಗಳದ್ದು ತದ್ವಿರುದ್ಧ ಕಥೆ. ಯುದ್ಧ ಮುಗಿದ ಮೇಲೂ ಉಳಿದ ಬಿಡಿಭಾಗಗಳಿಂದ ಜೋಡಿಸಿದವು, ಪೂರ್ತಿ ನಕಲಿಗಳು ಅದರಲ್ಲಿ ಧಾರಾಳ.

ಬಿಡಿಯಾಗಿ ಮಾತ್ರವಲ್ಲ, ಸಗಟಾಗಿಯೂ ಹಳೆಯ ಆಯುಧಗಳ ವ್ಯಾಪಾರ ನಡೆಯುವುದುಂಟು; ಅದಕ್ಕೆ ಒಳ್ಳೆಯ ಉದಾಹರಣೆ ನೇಪಾಳದ್ದು. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ತಲೆಮಾರುಗಳಿಂದ ರಾಶಿ ಬಿದ್ದಿದ್ದ ಬಂದೂಕು, ಬಯೋನೆಟ್, ಕುಕ್ರಿಗಳನ್ನು ಅಮೆರಿಕದ ಇಂಟರ್‌ನ್ಯಾಷನಲ್ ಮಿಲಿಟರಿ ಆಂಟಿಕ್ಸ್ ಮತ್ತು ಅಟ್ಲಾಂಟಾ ಕಟ್ಲರಿ ಸಂಸ್ಥೆಗಳು 2003ರಲ್ಲಿ ಒಟ್ಟಾಗಿ ಕೊಂಡವು. ಅಲ್ಲಿಯವರೆಗೆ ಅಪರೂಪವೆನಿಸಿದ್ದ ಹಳೆಯ ಸೈನ್ಯದ ಕುಕ್ರಿ ಸಾಮಾನ್ಯ ಸಂಗ್ರಾಹಕನ ಕೈಗೂ ಎಟುಕುವಂತಾಯಿತು.

ಭಾರತದಲ್ಲಿ ಕೊಳ್ಳುವವರು, ಮಾರುವವರು ಎರಡು ಕಾನೂನುಗಳನ್ನು ದಾಟಬೇಕು. 1976ರ ಏಪ್ರಿಲ್ 5ರಂದು ಜಾರಿಗೆ ಬಂದ 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಠಾರಿ ಪ್ರಾಚೀನ ವಸ್ತು. ದೇಶದೊಳಗೆ ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಹೊರದೇಶಕ್ಕೆ ಖಾಸಗಿಯವರು ಕಳಿಸುವಂತೆಯೇ ಇಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. ನೂರು ವರ್ಷ ಆಗಿಲ್ಲದಿದ್ದರೆ ಹಾಗೆಂದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಎರಡನೆಯದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧವೆಂದು ಎಣಿಸಿವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ.  2019ರ ಜನವರಿಯಲ್ಲಿ ಡೊಂಬಿವಲಿಯ ಅಂಗಡಿಯೊಂದರಲ್ಲಿ ಪೊಲೀಸರು ಖಡ್ಗ, ಚಾಕು ಮುಂತಾದವನ್ನು ವಶಪಡಿಸಿಕೊಂಡ ಮೇಲೆ ಈ ಭಾಗದಲ್ಲಿ ಆಯುಧ ಮಾರಾಟದ ಪ್ರಶ್ನೆ ಸುದ್ದಿಯಾಯಿತು. ಹಿಡಿ ದಂತದ್ದಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ. 1986ರ ತಿದ್ದುಪಡಿ ಭಾರತದ ಆನೆಯ ದಂತವನ್ನೂ 1991ರದು ಆಫ್ರಿಕದ್ದನ್ನೂ ವ್ಯಾಪಾರದಿಂದ ತೆಗೆದುಹಾಕಿವೆ.

ಆದ್ದರಿಂದ ಅಜ್ಜನ ಪೆಟ್ಟಿಗೆಯಲ್ಲಿ ಕಠಾರಿ ಸಿಕ್ಕ ಕುಟುಂಬ ಮೊದಲು ಮಾಡಬೇಕಾದದ್ದು ಅದರ ಚಿತ್ರ ತೆಗೆದು, ಅಳತೆ ಬರೆದು, ಮನೆಯ ಹಿರಿಯರಿಗೆ ತಿಳಿದ ಮಾತನ್ನೆಲ್ಲ ದಿನಾಂಕ ಹಾಕಿ ದಾಖಲಿಸುವುದು. ಕುಟುಂಬದ ಮಾತೇ ಎಷ್ಟೋ ಸಲ ಏಕೈಕ ಆಧಾರ, ಆದರೂ ಅದಕ್ಕೊಂದು ಮಿತಿ ಇದೆ. ಶಿವಾಜಿಯದೆಂದು ಹೇಳಲಾಗುವ, ಜೇಮ್ಸ್ ಗ್ರಾಂಟ್ ಡಫ್ ಮನೆತನದಿಂದ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯಕ್ಕೆ ಬಂದ ವ್ಯಾಘ್ರನಖ ಎಂಬ ಹುಲಿಯುಗುರಿನಂಥ ಆಯುಧ 2024ರ ಜುಲೈನಲ್ಲಿ ಮೂರು ವರ್ಷದ ಎರವಲಾಗಿ ಸಾತಾರಾಕ್ಕೆ ಬಂತು. 1659ರಲ್ಲಿ ಪ್ರತಾಪಗಡದಲ್ಲಿ ಶಿವಾಜಿ ಬಳಸಿದ್ದು ಅದೇ ಎಂದು ಖಚಿತಪಡಿಸಲಾಗದೆಂದು ಆ ಸಂಗ್ರಹಾಲಯವೇ ಹೇಳಿದೆ. ಮಾರಲು ಮನಸ್ಸಿಲ್ಲದವರಿಗೆ ಹತ್ತಿರದ ದಾರಿ ದಾನ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ದೊಡ್ಡದಾಗಿ ಬೆಳೆದದ್ದೇ ಸರ್ ರತನ್ ಟಾಟಾ, ಸರ್ ದೋರಾಬ್ ಟಾಟಾರಂಥವರ ಖಾಸಗಿ ಸಂಗ್ರಹಗಳು ಬಂದು ಸೇರಿದ್ದರಿಂದ. ಅಕ್ಬರನ ಎದೆಗವಚ, ಗುರಾಣಿಗಳು ಅಲ್ಲಿನ ಆಯುಧ ವಿಭಾಗದಲ್ಲಿವೆ.